ದವಡೆ ಕೀಲಿನ ನೋವಿಗೆ 12 ಸಿಟ್ಟಿಂಗ್ ಲೇಸರ್: ಮಾಡಿಸಬೇಕೇ, ಬೇಡವೇ?

ಪ್ರಶ್ನೆ: ನನಗೆ 34 ವರ್ಷ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಎಂಟು ತಿಂಗಳಿಂದ ಬಲಗಿವಿಯ ಮುಂದೆ ನೋವು. ಬಾಯಿ ದೊಡ್ಡದಾಗಿ ತೆರೆದರೆ ಟಕ್ ಅನ್ನುತ್ತದೆ. ಖಡಕ್ ರೊಟ್ಟಿ ಅಗಿದರೆ ನೋವು ಕಣತಲೆಯವರೆಗೆ ಎಳೆಯುತ್ತದೆ. ಕಿವಿ ಡಾಕ್ಟರು ಕಿವಿ ಚೆನ್ನಾಗಿದೆ ಅಂದರು. ಹಲ್ಲಿನ ಡಾಕ್ಟರು ದವಡೆ ಕೀಲಿನ ತೊಂದರೆ ಅಂದರು. ಈಗ ಒಂದು ಕ್ಲಿನಿಕ್ಕಿನಲ್ಲಿ ಆಪರೇಷನ್ ಬೇಡ, ಇಂಜೆಕ್ಷನ್ ಬೇಡ, ‘ಎನರ್ಜಿ ಥೆರಪಿ’ ಸಾಕು ಎನ್ನುತ್ತಿದ್ದಾರೆ. ಲೇಸರ್ 12 ಸಿಟ್ಟಿಂಗ್, ಒಂದಕ್ಕೆ 800 ರೂಪಾಯಿ, ಒಟ್ಟಿಗೆ ಕಟ್ಟಿದರೆ ರಿಯಾಯಿತಿಯಂತೆ. ನನ್ನ ನಾದಿನಿ ಪ್ರಾಣಿಕ್ ಹೀಲಿಂಗ್ ಮಾಡಿಸು ಎನ್ನುತ್ತಾಳೆ. ಎರಡೂ ಎನರ್ಜಿಯೇ ಅಲ್ಲವೇ? ಯಾವುದು ಮಾಡಿಸಲಿ? ಇನ್ನೊಂದು ಭಯ: ಒಮ್ಮೊಮ್ಮೆ ಬೆಳಿಗ್ಗೆ ಬಾಯಿ ಅರ್ಧಕ್ಕೇ ಹಿಡಿದುಕೊಂಡಂತಾಗಿ ಆಮೇಲೆ ಬಿಡುತ್ತದೆ. ಪೂರ್ತಿ ಲಾಕ್ ಆಗಿಬಿಟ್ಟರೆ ಏನು ಮಾಡಲಿ?

ಉತ್ತರ: ದುಡ್ಡಿನ ಮಾತು ಮೊದಲು ಮುಗಿಸಿಬಿಡೋಣ. ಹನ್ನೆರಡು ಸಿಟ್ಟಿಂಗಿನ ಹಣವನ್ನು ಒಟ್ಟಿಗೆ ಕಟ್ಟಬೇಡಿ. ರಿಯಾಯಿತಿ ಎಷ್ಟೇ ಕೊಡಲಿ, ಬೇಡ. ಲೇಸರ್ ಮೋಸ ಎಂದು ನಾನು ಹೇಳುತ್ತಿಲ್ಲ, ಸರಿಯಾಗಿ ಬಳಸಿದರೆ ಅದರಿಂದ ಹಾನಿಯೂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ನೀವು ಬರೆದಿರುವ ನೋವಿಗೆ ಅದು ಮೊದಲ ಮದ್ದಲ್ಲ, ನಾಲ್ಕನೆಯದೋ ಐದನೆಯದೋ ಆದೀತು. ಮೊದಲಿನ ಮೂರು ಮದ್ದುಗಳಿಗೆ ಹೆಚ್ಚು ಖರ್ಚಿಲ್ಲ. ಖರ್ಚಿಲ್ಲದ್ದರಿಂದಲೇ ಅವನ್ನು ಯಾರೂ ಬೋರ್ಡು ಬರೆಸಿ ಮಾರುವುದಿಲ್ಲ.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳ ಕೆಳಗೆ ಗುಂಡಗಿನದೊಂದು ಹೊರಳುತ್ತದಲ್ಲ, ಅದೇ ಕೆಳದವಡೆಯ ತುದಿ. ತಲೆಬುರುಡೆಯ ಸಣ್ಣ ಗುಳಿಯಲ್ಲಿ ಅದು ಕೂತಿರುತ್ತದೆ. ಎರಡರ ನಡುವೆ ತೆಳ್ಳನೆಯ ಮೆತ್ತೆಯಂಥ ಬಿಲ್ಲೆ. ಬಾಗಿಲಿನ ಕೀಲು ಇದ್ದಲ್ಲೇ ತಿರುಗುತ್ತದೆ. ದವಡೆಯ ಕೀಲು ಹಾಗಲ್ಲ, ಮೊದಲು ತಿರುಗುತ್ತದೆ, ಬಾಯಿ ಇನ್ನೂ ಅಗಲವಾದಂತೆ ಗುಳಿಯಿಂದ ಮುಂದಕ್ಕೆ ಜಾರುತ್ತದೆ. ಬಿಲ್ಲೆಯೂ ಅದರ ಜೊತೆಗೇ ಜಾರಬೇಕು. ಬಿಲ್ಲೆ ಒಂದಿಷ್ಟು ಮುಂದೆ ಸರಿದು ಕೂತಿದ್ದರೆ, ದವಡೆಯ ತುದಿ ಅದರ ಮೇಲೆ ಹತ್ತುವಾಗ ಟಕ್ ಎನ್ನುತ್ತದೆ. ನಿಮಗೆ ಕೇಳಿಸುವ ಸದ್ದು ಅದೇ. ಈ ಸದ್ದು ಬಹಳ ಜನರಲ್ಲಿ ಇರುತ್ತದೆ. ನೋವಿಲ್ಲದ ಬರೀ ಸದ್ದಿಗೆ ಚಿಕಿತ್ಸೆಯೇ ಬೇಕಿಲ್ಲ. ಆದ್ದರಿಂದ ‘ಸದ್ದು ನಿಲ್ಲಿಸಿ ಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ನೋವು ಬೇರೆ ಕಡೆಯಿಂದ ಬರುತ್ತಿರಬಹುದು. ಅಗಿಯುವ ಸ್ನಾಯುಗಳು ಮುಖ್ಯವಾಗಿ ನಾಲ್ಕು ಜೋಡಿ. ಕೆನ್ನೆಯಲ್ಲಿ ಒಂದು, ಕಣತಲೆಯಲ್ಲಿ ಬೀಸಣಿಗೆಯಂತೆ ಹರಡಿದ್ದು ಇನ್ನೊಂದು, ಉಳಿದೆರಡು ದವಡೆಯ ಒಳಮಗ್ಗುಲಲ್ಲಿ. ನಿಮಗೆ ನೋವು ಕಣತಲೆಯವರೆಗೆ ಎಳೆಯುತ್ತದೆ, ಗಟ್ಟಿ ಪದಾರ್ಥ ಅಗಿದಾಗ ಹೆಚ್ಚುತ್ತದೆ, ಬೆಳಿಗ್ಗೆ ದವಡೆ ಬಿಗಿದಿರುತ್ತದೆ. ಕೀಲಿಗಿಂತ ಸ್ನಾಯುವಿನ ಪಾಲೇ ಹೆಚ್ಚೆಂದು ನನ್ನ ಅಂದಾಜು. ಮುಟ್ಟಿ ನೋಡದೆ ಖಚಿತವಾಗಿ ಹೇಳಲಾರೆ. ನೀವೇ ಒಂದು ಪರೀಕ್ಷೆ ಮಾಡಬಹುದು: ಹಲ್ಲು ಕಚ್ಚಿ ಕೆನ್ನೆ ಮುಟ್ಟಿದರೆ ಗಟ್ಟಿ ಉಂಡೆಯಂತೆ ಸಿಗುತ್ತದಲ್ಲ, ಹಲ್ಲು ಸಡಿಲ ಬಿಟ್ಟು ಅದೇ ಜಾಗವನ್ನು ಎರಡು ಬೆರಳಲ್ಲಿ ಒತ್ತಿ. ‘ಹಾಂ, ಇದೇ ನೋವು’ ಅನ್ನಿಸಿದರೆ ದೊಡ್ಡ ಅಪರಾಧಿ ಸ್ನಾಯುವೇ.

ಈಗ ನಿಮ್ಮ ಕೆಲಸಕ್ಕೆ ಬರುತ್ತೇನೆ. ನೀವು ಪತ್ರದಲ್ಲಿ ಬರೆದಿಲ್ಲ, ಆದರೂ ಕೇಳುತ್ತೇನೆ: ದಾರ ಕತ್ತರಿಸಲು ಕತ್ತರಿ ಬಳಸುತ್ತೀರೋ, ಹಲ್ಲೋ? ಬಳ್ಳಾರಿಯಲ್ಲಿ ಹೊಲಿಗೆಯವರ ಬಾಯಿ ನೋಡಿ ನೋಡಿ ನನಗೊಂದು ಅಭ್ಯಾಸವಾಗಿದೆ. ಮುಂದಿನ ಹಲ್ಲಿನ ಅಂಚಿನಲ್ಲಿ ಸಣ್ಣ ಕಚ್ಚು ಕಂಡರೆ ‘ಎಷ್ಟು ವರ್ಷ ಆತ್ರೀ ಮಶೀನ್ ಮೇಲೆ ಕುಂತು?’ ಎಂದೇ ಮಾತು ಶುರುಮಾಡುತ್ತೇನೆ. ಅವರಿಗೆ ಆಶ್ಚರ್ಯ. ಜೀನ್ಸ್ ದಾರ ಸಾಮಾನ್ಯ ದಾರವಲ್ಲ, ಅದನ್ನು ಕಚ್ಚಿ ಹರಿಯುವಾಗ ಕೆಳದವಡೆಯನ್ನು ಮುಂದಕ್ಕೆ ಚಾಚಿ, ಒಂದು ಮಗ್ಗುಲಿಗೆ ಎಳೆಯಬೇಕು. ದಿನಕ್ಕೆ ನೂರಾರು ಸಲ. ಕೀಲಿಗೆ ಇದಕ್ಕಿಂತ ಕೆಟ್ಟ ಭಂಗಿ ಇಲ್ಲ. ಬಾಯಲ್ಲಿ ಪಿನ್ನು ಹಿಡಿಯುವುದೂ ಅದೇ ಜಾತಿ.

ಇದಕ್ಕಿಂತ ದೊಡ್ಡ ಕಾರಣ ಕಣ್ಣಿಗೆ ಬೀಳುವುದಿಲ್ಲ. ಪೀಸ್ ಲೆಕ್ಕದ ಕೆಲಸ, ಸಂಜೆಯೊಳಗೆ ಇಷ್ಟು ಪ್ಯಾಂಟು ಮುಗಿಯಲೇಬೇಕು, ಕತ್ತು ಮುಂದೆ ಬಾಗಿದೆ, ಸುತ್ತ ಮಶೀನುಗಳ ಗದ್ದಲ. ಆಗ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ತಾವಾಗಿಯೇ ಕೂಡಿಕೊಂಡು ಬಿಗಿಯುತ್ತವೆ. ಕಷ್ಟ ಸಹಿಸುವುದಕ್ಕೆ ನಮ್ಮಲ್ಲಿ ‘ಹಲ್ಲು ಕಚ್ಚಿಕೊಂಡು’ ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ, ಮೈಯಲ್ಲಿ ನಡೆಯುವುದನ್ನೇ ಯಾರೋ ನೋಡಿ ಹೇಳಿದ್ದು. ಮನುಷ್ಯನ ಹಲ್ಲುಗಳು ಊಟ ಮಾಡುವಾಗ, ಉಗುಳು ನುಂಗುವಾಗ ಬಿಟ್ಟರೆ ಒಂದಕ್ಕೊಂದು ತಾಕಬೇಕಾಗಿಯೇ ಇಲ್ಲ. ತುಟಿ ಮುಚ್ಚಿದ್ದರೂ ಒಳಗೆ ಹಲ್ಲುಗಳ ನಡುವೆ ಸಣ್ಣ ಸಂದು ಇರಬೇಕು. ಅಂಥದ್ದರಲ್ಲಿ ದಿನಕ್ಕೆ ನಾಲ್ಕೈದು ತಾಸು ಬಿಗಿದು ಕೂತರೆ ಯಾವ ಸ್ನಾಯು ತಾನೇ ನೋಯದು? ಈ ತೊಂದರೆ ಇಪ್ಪತ್ತರಿಂದ ನಲವತ್ತರ ವಯಸ್ಸಿನ ಹೆಣ್ಣುಮಕ್ಕಳಲ್ಲೇ ಹೆಚ್ಚು. ನಿದ್ದೆಗೆಟ್ಟರೆ, ಮನೆಯ ಚಿಂತೆ ಹೆಚ್ಚಿದರೆ ನೋವೂ ಏರುತ್ತದೆ. ‘ಟೆನ್ಷನ್ನಿಂದ ಬಂದದ್ದು’ ಎಂದರೆ ‘ನಿನ್ನ ನೋವು ಸುಳ್ಳು’ ಎಂದ ಹಾಗೆ ಅನೇಕರಿಗೆ ಕೇಳಿಸುತ್ತದೆ. ಹಾಗಲ್ಲ. ನೋವು ನಿಜ, ಸ್ನಾಯು ನಿಜವಾಗಿಯೂ ದಣಿದಿದೆ.

ಲೇಸರಿನ ಮಾತಿಗೆ ಹೋಗುವ ಮುನ್ನ ಇನ್ನೊಂದು ವಿಷಯ, ಇದು ನಿಮಗಷ್ಟೇ ಅಲ್ಲ, ಈ ಪುಟ ಓದುವ ಎಲ್ಲರಿಗೂ. ಕಿವಿ ಮುಂದಿನ ನೋವೆಲ್ಲ ಕೀಲಿನ ನೋವಲ್ಲ. ಗಂಗಾವತಿ ಕಡೆಯ ರೈಸ್ ಮಿಲ್ಲಿನ ಹಮಾಲರೊಬ್ಬರು ‘ದವಡಿ ಹಿಡದೈತಿ, ಲೇಸರ್ ಹಚ್ರೀ’ ಎಂದು ಬಂದಿದ್ದರು. ಬಾಯಿ ಎರಡು ಬೆರಳೂ ಹಿಡಿಯದು. ಒಳಗೆ ದೀಪ ಹಿಡಿದು ನೋಡಿದರೆ ಕೆನ್ನೆಯ ಒಳಪದರ ಬೆಳ್ಳಗೆ, ಹಗ್ಗದಂತೆ ಗಟ್ಟಿ. ಖಾರ ತಿಂದರೆ ಉರಿ. ಹದಿನೈದು ವರ್ಷದ ಗುಟ್ಕಾ ಚಟ. ಕೀಲಿಗೆ ಏನೂ ಆಗಿರಲಿಲ್ಲ, ಅಡಿಕೆಯಿಂದ ಬಾಯಿಯ ಒಳಚರ್ಮವೇ ನಾರುಗಟ್ಟಿತ್ತು. ಇದು ಮುಂದೆ ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ತಂಬಾಕು ಬೆರೆಸದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾದರೂ ಅಡಿಕೆ ಪುಡಿಯ ಚೀಟಿ ಒಂದು, ತಂಬಾಕಿನ ಚೀಟಿ ಒಂದು ಅಂತ ಬೇರೆ ಬೇರೆಯಾಗಿ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವುದು ನಿಂತಿಲ್ಲ. ಆ ಮನುಷ್ಯನಿಗೆ ಯಾರಾದರೂ ಹನ್ನೆರಡು ಸಿಟ್ಟಿಂಗ್ ಲೇಸರ್ ಹಚ್ಚಿ ಕೂತಿದ್ದರೆ ಅಷ್ಟು ವಾರ ರೋಗ ಬೆಳೆಯುತ್ತಲೇ ಇರುತ್ತಿತ್ತು.

ಇನ್ನೊಬ್ಬರು ಅರವತ್ತು ದಾಟಿದವರು. ಅಂಜನಾದ್ರಿಯ 575 ಮೆಟ್ಟಿಲು ಹತ್ತುವಾಗ ಎಡದವಡೆ ಹಿಂಡಿದಂತಾಯಿತು, ಕೂತರೆ ಹೋಯಿತು, ಎದ್ದು ಹತ್ತಿದರೆ ಮತ್ತೆ ಬಂತು. ಹಲ್ಲು ಕೀಳಿಸಿಕೊಳ್ಳಲೆಂದು ನನ್ನ ಬಳಿ ಬಂದಿದ್ದರು. ನಾನು ಬಾಯಿ ತೆರೆಸಲೂ ಇಲ್ಲ, ಇಸಿಜಿಗೆ ಕಳಿಸಿದೆ. ಅಗಿದಾಗ ಬಾರದೆ ನಡೆದಾಗ ಬರುವ ದವಡೆ ನೋವು ಹೃದಯದ್ದಿರಬಹುದು. ಐವತ್ತು ದಾಟಿದವರಿಗೆ ಹೊಸದಾಗಿ ಕಣತಲೆ ನೋವು, ಬಾಚಣಿಗೆ ತಾಗಿದರೂ ನೆತ್ತಿ ನೋಯುವುದು, ಅಗಿಯುತ್ತಾ ಹೋದಂತೆ ದವಡೆ ಸೋಲುವುದು, ಕಣ್ಣು ಮಂಜಾಗುವುದು ಇವು ಕೂಡಿ ಬಂದರೆ ರಕ್ತನಾಳದ ಉರಿಯೂತವಿರಬಹುದು. ಅಪರೂಪ, ಆದರೆ ತಡವಾದರೆ ಕಣ್ಣೇ ಹೋಗುತ್ತದೆ. ಕರೆಂಟು ಹೊಡೆದಂತೆ ಕೆಲವೇ ಸೆಕೆಂಡು ಚುಚ್ಚುವುದು ನರದ ನೋವು. ಜ್ವರ, ಬಾವು ಇದ್ದರೆ ಹಲ್ಲಿನ ಬೇರಿನ ಕೀವಿರಬಹುದು. ನಿಮ್ಮ ಪತ್ರದಲ್ಲಿ ಇವು ಯಾವುದರ ಸುಳಿವೂ ಇಲ್ಲ. ಹಾಗಾಗಿ ಮುಂದೆ ಹೋಗೋಣ.

‘ಎರಡೂ ಎನರ್ಜಿಯೇ ಅಲ್ಲವೇ’ ಎಂದು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ, ಏಕೆಂದರೆ ಆ ಒಂದು ಪದದ ಮರೆಯಲ್ಲಿ ಬಹಳ ವ್ಯಾಪಾರ ನಡೆಯುತ್ತದೆ. ಲೇಸರಿನಲ್ಲಿರುವುದು ಬೆಳಕು. ಅಲ್ಟ್ರಾಸೌಂಡಿನಲ್ಲಿರುವುದು ಕಿವಿಗೆ ಕೇಳದ ಶಬ್ದ. ಟೆನ್ಸ್ ಎಂಬ ಸಣ್ಣ ಪೆಟ್ಟಿಗೆಯಲ್ಲಿರುವುದು ವಿದ್ಯುತ್ತು. ಇವನ್ನೆಲ್ಲ ಮೀಟರಿನಲ್ಲಿ ಅಳೆಯಬಹುದು. ಇಷ್ಟು ಕೊಟ್ಟೆ, ಅಷ್ಟು ಕೊಟ್ಟೆ ಎಂದು ಬರೆದಿಡಬಹುದು, ತಪ್ಪಾದರೆ ಹಿಡಿಯಬಹುದು. ಕೈಯಾಡಿಸಿ ಪ್ರಾಣಶಕ್ತಿ ಹರಿಸುತ್ತೇವೆ ಎನ್ನುವ ಪ್ರಾಣಿಕ್ ಹೀಲಿಂಗ್, ರೇಖಿ ಇವುಗಳಲ್ಲಿ ಹೇಳುವ ಶಕ್ತಿಯನ್ನು ಅಳೆಯುವ ಮೀಟರ್ ಇಲ್ಲ. ಎರಡಕ್ಕೂ ಒಂದೇ ಹೆಸರಿಟ್ಟರೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಲೇಸರಿನ ಕಥೆ ಸ್ವಾರಸ್ಯವಾಗಿದೆ. ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ, ಅಮೆರಿಕದಲ್ಲಿ. ಕೆಲವೇ ವರ್ಷಗಳಲ್ಲಿ ಹಂಗರಿಯ ಬುಡಾಪೆಸ್ಟಿನ ವೈದ್ಯ ಎಂಡ್ರೆ ಮೆಸ್ಟರ್ ಅದರಿಂದ ಗೆಡ್ಡೆ ಕರಗುವುದೇ ಎಂದು ಇಲಿಗಳ ಮೇಲೆ ನೋಡಲು ಹೊರಟ. ಅವನ ಲೇಸರಿಗೆ ಅಷ್ಟು ಬಲವಿರಲಿಲ್ಲ, ಗೆಡ್ಡೆ ಕರಗಲಿಲ್ಲ. ಆದರೆ ಬೋಳಿಸಿದ್ದ ಜಾಗದಲ್ಲಿ, ಬೆಳಕು ಬಿದ್ದ ಇಲಿಗಳಿಗೆ ಕೂದಲು ಬೇಗ ಬಂತು. 1967ರ ಸುಮಾರಿನ ಮಾತು ಇದು. ಸುಡದ, ಕೊಯ್ಯದ ತಂಪು ಲೇಸರಿನ ಚಿಕಿತ್ಸೆ ಹುಟ್ಟಿದ್ದು ಹೀಗೆ, ಕೈತಪ್ಪಿ.

ಅದು ಕೆಲಸ ಮಾಡುವುದು ಶಾಖದಿಂದಲ್ಲ. ಲೆಕ್ಕ ಹಾಕೋಣ. 100 ಮಿಲಿವ್ಯಾಟಿನ ಲೇಸರನ್ನು ಒಂದು ಜಾಗದಲ್ಲಿ 60 ಸೆಕೆಂಡು ಹಿಡಿದರೆ ಸೇರುವುದು 6 ಜೌಲ್ ಶಕ್ತಿ. ಒಂದು ಟೀ ಚಮಚ ನೀರನ್ನು ಅದು ಅರ್ಧ ಡಿಗ್ರಿಯಷ್ಟೂ ಬಿಸಿ ಮಾಡಲಾರದು. ನಮ್ಮ ಬಳ್ಳಾರಿಯ ಮಧ್ಯಾಹ್ನದ ಬಿಸಿಲು ಬಾಗಿಲು ದಾಟುವ ಮೊದಲೇ ಅದಕ್ಕಿಂತ ಹೆಚ್ಚು ಕೊಡುತ್ತದೆ! ಮತ್ತೇನು ಮಾಡುತ್ತದೆ ಎಂದರೆ, ಕೆಂಪು ಮತ್ತು ಅದರಾಚೆಯ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಜೀವಕೋಶದೊಳಗಿನ ಮೈಟೊಕಾಂಡ್ರಿಯದ ಒಂದು ಕಿಣ್ವ ಹೀರಿಕೊಳ್ಳುತ್ತದೆ, ಅದರಿಂದ ಕೋಶದ ಇಂಧನ ತಯಾರಿ ಚುರುಕಾಗುತ್ತದೆ, ಉರಿಯೂತ ಇಳಿಯುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಇದು ಕಾಣುತ್ತದೆ. ಆದರೆ ತಟ್ಟೆಗೂ ಕೆನ್ನೆಗೂ ವ್ಯತ್ಯಾಸವಿದೆ. ಚರ್ಮ, ಕೊಬ್ಬು ದಾಟುವಷ್ಟರಲ್ಲಿ ಬೆಳಕಿನ ಬಹುಪಾಲು ಚದುರಿಹೋಗುತ್ತದೆ. ಕಡಿಮೆ ಕೊಟ್ಟರೆ ಏನೂ ಆಗದು, ಹೆಚ್ಚು ಕೊಟ್ಟರೆ ಪರಿಣಾಮ ತಿರುಗುಮುರುಗಾಗುವುದೂ ಉಂಟು. ಒಂದು ಅಧ್ಯಯನದಲ್ಲಿ ಒಂದು ಅಲೆಯುದ್ದ, ಇನ್ನೊಂದರಲ್ಲಿ ಮತ್ತೊಂದು, ಜೌಲ್ ಲೆಕ್ಕವೂ ಬೇರೆ ಬೇರೆ. ಅದಕ್ಕೇ ‘ಲೇಸರ್ ಕೆಲಸ ಮಾಡುತ್ತದೆಯೇ’ ಎಂದರೆ ‘ಯಾವ ಲೇಸರ್, ಎಷ್ಟು’ ಎಂದು ತಿರುಗಿ ಕೇಳಬೇಕಾಗುತ್ತದೆ.

ದವಡೆ ಕೀಲಿನ ನೋವಿಗೆ ಲೇಸರ್ ಪರೀಕ್ಷಿಸಿದ ಅಧ್ಯಯನಗಳು ಬಹಳಷ್ಟಿವೆ. ಹೆಚ್ಚಿನವು ಸಣ್ಣವು. ಕೆಲವು ವಾರಗಳ ಮಟ್ಟಿಗೆ ನೋವು ಇಳಿಯಿತೆಂದು ಕೆಲವು, ಬೆಳಕು ಬಿಡದೆ ಹಿಡಿದಂತೆ ಮಾಡಿದ ಸುಳ್ಳು ಲೇಸರಿಗೂ ನಿಜದ್ದಕ್ಕೂ ವ್ಯತ್ಯಾಸ ಕಾಣಲಿಲ್ಲವೆಂದು ಕೆಲವು ಹೇಳುತ್ತವೆ. 2023ರ ಕೊನೆಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಬಗ್ಗೆ ಒಂದು ಮಾರ್ಗಸೂಚಿ ಬಂತು. ಅಂತರರಾಷ್ಟ್ರೀಯ ತಜ್ಞರು, ಜೊತೆಗೆ ಈ ನೋವು ಉಂಡ ರೋಗಿಗಳೂ ಕೂತು, ಇನ್ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಜಾಲಾಡಿ ಬರೆದದ್ದು. ದೀರ್ಘಕಾಲದ ದವಡೆ ನೋವಿಗೆ ಅವರು ಗಟ್ಟಿಯಾಗಿ ಶಿಫಾರಸು ಮಾಡಿದ್ದು: ರೋಗದ ಬಗ್ಗೆ ತಿಳಿಹೇಳಿ ಧೈರ್ಯ ತುಂಬುವುದು, ಮನೆಯ ವ್ಯಾಯಾಮ, ಫಿಸಿಯೋಥೆರಪಿಸ್ಟ್ ನೋಡಿಕೊಂಡು ಮಾಡಿಸುವ ದವಡೆ ಹಾಗೂ ಕತ್ತಿನ ವ್ಯಾಯಾಮ, ಕೈಯಿಂದ ದವಡೆ ಸಡಿಲಿಸುವುದು, ಸ್ನಾಯುವಿನ ನೋವಿನ ಗಂಟು ಒತ್ತುವುದು, ಮತ್ತೆ ನೋವನ್ನು ನಿಭಾಯಿಸಲು ಕಲಿಸುವ ಮಾತಿನ ಚಿಕಿತ್ಸೆ. ಲೇಸರ್? ‘ಬೇಡ’ದ ಪಟ್ಟಿಯಲ್ಲಿ. ಕಟ್ಟುನಿಟ್ಟಿನ ಬೇಡವಲ್ಲ, ಷರತ್ತಿನ ಬೇಡ. ಆಧಾರ ಸಾಲದು, ಹೆಚ್ಚಿನವರಿಗೆ ಖರ್ಚಿಗೆ ತಕ್ಕ ಫಲವಿಲ್ಲ ಎಂಬ ಅರ್ಥದಲ್ಲಿ. ಟೆನ್ಸ್ ಕೂಡ ಅದೇ ಪಟ್ಟಿಯಲ್ಲಿದೆ. ನನಗೆ ಇದರಲ್ಲಿ ಪೂರ್ತಿ ಸಮಾಧಾನವಿಲ್ಲ, ಒಳ್ಳೆಯ ಪ್ರಮಾಣದಲ್ಲಿ ಕೊಟ್ಟ ಲೇಸರಿಗೂ ಕಾಟಾಚಾರದ್ದಕ್ಕೂ ಒಂದೇ ಅಂಕ ಸಿಕ್ಕಿತೇನೋ ಅನ್ನಿಸುತ್ತದೆ. ಆದರೂ ವ್ಯಾಯಾಮ ಬಿಟ್ಟು ಲೇಸರ್ ಮಾಡಿಸಿ ಎನ್ನಲು ಯಾವ ದಾರಿಯೂ ಇಲ್ಲ.

ನನ್ನದೇ ಒಂದು ಪೆಚ್ಚು ಹೇಳುತ್ತೇನೆ. ವರ್ಷಗಳ ಹಿಂದೆ ನಾನೂ ಒಂದು ಯಂತ್ರ ಕೊಂಡಿದ್ದೆ. ಚಿಕಿತ್ಸೆಯ ಬೆಳಕು ಕಣ್ಣಿಗೆ ಕಾಣದ್ದು, ಎಲ್ಲಿ ಬೀಳುತ್ತಿದೆ ಎಂದು ತೋರಿಸಲು ಜೊತೆಗೊಂದು ಸಣ್ಣ ಕೆಂಪು ದೀಪ. ಒಂದು ದಿನ ಸರ್ವಿಸಿಗೆ ಬಂದ ಹುಡುಗ ಮೀಟರ್ ಹಿಡಿದು ‘ಸಾರ್, ಮೇನ್ ಡಯೋಡ್ ಹೋಗ್ಯದ. ಬರೀ ಕೆಂಪು ಲೈಟ್ ಬರಾಕತ್ತದ’ ಅಂದ. ಎಷ್ಟು ದಿನದಿಂದ ಹೋಗಿತ್ತೋ! ರಿಜಿಸ್ಟರ್ ತೆಗೆದು ನೋಡಿದೆ. ಆ ತಿಂಗಳಲ್ಲೂ ಜನ ‘ಅರ್ಧಕ್ಕರ್ಧ ಕಡಿಮೆ ಆತ್ರೀ’ ಎಂದೇ ಬರೆಸಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ವಾರಕ್ಕೆರಡು ಸಲ ಬಂದು, ಬಾಯಿ ಸಡಿಲಬಿಟ್ಟು, ಕಣ್ಣು ಮುಚ್ಚಿ ಹತ್ತು ನಿಮಿಷ ಮಲಗಿದರು. ಅಷ್ಟೊತ್ತು ಹಲ್ಲು ಕಚ್ಚಲಿಲ್ಲ. ನಾನು ರೊಟ್ಟಿ ಹೇಗೆ ತಿನ್ನಬೇಕು ಎಂದು ಹೇಳಿದ್ದನ್ನು ಕೇಳಿದರು. ಜೊತೆಗೆ, ಜನ ಡಾಕ್ಟರ ಹತ್ತಿರ ಬರುವುದೇ ನೋವು ತುದಿಗೇರಿದಾಗ. ಈ ನೋವು ಏರಿಳಿಯುವಂಥದ್ದು, ತುದಿಯಿಂದ ಹೇಗೂ ಇಳಿಯುತ್ತದೆ. ಆರು ವಾರ ಏನು ಮಾಡಿಸಿದರೂ ಅದಕ್ಕೇ ಹೆಸರು ಬರುತ್ತದೆ. ಆ ದಿನದಿಂದ ನಾನು ಲೇಸರ್ ಬಿಡಲಿಲ್ಲ, ಆದರೆ ಅದರ ಮೇಲಿನ ನನ್ನ ಭಕ್ತಿ ಇಳಿಯಿತು.

ಉಳಿದ ಯಂತ್ರಗಳ ಬಗ್ಗೆ ಚಿಕ್ಕದಾಗಿ. ಫಿಸಿಯೋಥೆರಪಿಯ ಅಲ್ಟ್ರಾಸೌಂಡ್ ಹೊಟ್ಟೆ ಸ್ಕ್ಯಾನಿನದ್ದಲ್ಲ. ಜೆಲ್ ಹಚ್ಚಿ ಯಂತ್ರದ ತಲೆಯನ್ನು ಚರ್ಮದ ಮೇಲೆ ತಿರುಗಿಸುತ್ತಾ ಸ್ನಾಯುವಿನ ಆಳಕ್ಕೆ ಹಿತವಾದ ಕಾವು ಕೊಡುವಂಥದ್ದು. ವ್ಯಾಯಾಮಕ್ಕೆ ಮುಂಚೆ ಸ್ನಾಯು ಮೆತ್ತಗಾಗಲು ಸರಿ. ಟೆನ್ಸ್‌ನ ಜುಮುಗುಟ್ಟುವ ಕರೆಂಟು, ನೋವಿನ ಸುದ್ದಿ ಬೆನ್ನುಹುರಿಯ ಬಾಗಿಲು ದಾಟದಂತೆ ತಡೆಯುತ್ತದೆ ಎಂಬ 1965ರ ಸಿದ್ಧಾಂತದ ಮೇಲೆ ನಿಂತಿದೆ. ಹಚ್ಚಿದಷ್ಟು ಹೊತ್ತು ಹಾಯೆನಿಸುತ್ತದೆ. ಪೇಸ್‌ಮೇಕರ್ ಇದ್ದವರಿಗೆ ಬೇಡ, ಕತ್ತಿನ ಮುಂಭಾಗಕ್ಕಂತೂ ಯಾರಿಗೂ ಬೇಡ. ಶಾರ್ಟ್‌ವೇವ್ ಡಯಾಥರ್ಮಿ ರೇಡಿಯೋ ಅಲೆಯಿಂದ ಆಳಕ್ಕೆ ಕಾವು ಕೊಡುವ ಹಳೆಯ ಯಂತ್ರ. ಒಳಗೆ ಲೋಹದ ಪ್ಲೇಟು ಇದ್ದವರು, ಪೇಸ್‌ಮೇಕರ್‌ನವರು, ಬಸುರಿಯರು ಅದರ ಹತ್ತಿರವೂ ಸುಳಿಯಬಾರದು.

ನಿಮ್ಮ ನಾದಿನಿಯ ಸಲಹೆಗೆ ನಾನು ನಗುವುದಿಲ್ಲ. ದವಡೆ ಕೀಲಿಗೆ ಪ್ರಾಣಿಕ್ ಹೀಲಿಂಗಿನಿಂದ ಗುಣವಾಗುತ್ತದೆ ಎನ್ನಲು ನಂಬಬಹುದಾದ ಆಧಾರ ಇಲ್ಲ. ಆದರೆ ಪಕ್ಕದಲ್ಲಿ ಯಾರೋ ಅಕ್ಕರೆಯಿಂದ ಕೂತು, ಅರ್ಧ ಗಂಟೆ ಸುಮ್ಮನೆ ಉಸಿರಾಡು ಎಂದರೆ ಬಿಗಿದ ದವಡೆ ಸಡಿಲವಾದೀತು. ಹತ್ತಾರು ಕೆಲಸದ ನಡುವೆ ಹೆಣ್ಣುಮಕ್ಕಳಿಗೆ ಆ ಅರ್ಧ ಗಂಟೆ ಸಿಗುವುದೇ ದೊಡ್ಡದು. ಮನೆಯ ಮನಸ್ತಾಪ ತಪ್ಪಿಸಲು ಹೋಗಬೇಕೆನಿಸಿದರೆ ಹೋಗಿ. ಅವರು ಮಾತ್ರೆ ಬಿಡಿ, ಡಾಕ್ಟರ ಬಳಿ ಹೋಗಬೇಡಿ ಎಂದರೆ, ಇಲ್ಲವೇ ದೊಡ್ಡ ಮೊತ್ತ ಕೇಳಿದರೆ, ಅಂದೇ ನಿಲ್ಲಿಸಿ.

ಹಾಗಾದರೆ ಏನು ಮಾಡಬೇಕು? ಆರು ವಾರ ಇದನ್ನು ಮಾಡಿ. ಒಂದು ಪಾಕೀಟು ಸ್ಟಿಕ್ಕರ್ ಬಿಂದಿ ತಗೊಳ್ಳಿ. ಒಂದನ್ನು ಹೊಲಿಗೆ ಮಶೀನಿನ ತಲೆಗೆ, ಒಂದನ್ನು ಅಡುಗೆಮನೆಯ ಗೋಡೆಗೆ, ಇನ್ನೊಂದನ್ನು ಮೊಬೈಲಿನ ಹಿಂಬದಿಗೆ ಅಂಟಿಸಿ. ಕಣ್ಣಿಗೆ ಬಿಂದಿ ಬಿದ್ದಾಗಲೆಲ್ಲ ಒಂದೇ ಪ್ರಶ್ನೆ: ಹಲ್ಲು ಕೂಡಿದೆಯೇ? ಕೂಡಿದ್ದರೆ ಬಿಡಿಸಿ, ನಾಲಗೆಯ ತುದಿಯನ್ನು ಮೇಲಿನ ಮುಂದಿನ ಹಲ್ಲಿನ ಹಿಂದೆ ಬಾಯಿಯ ಅಂಗಳಕ್ಕೆ ಮೆಲ್ಲಗೆ ತಾಗಿಸಿ, ತುಟಿ ಮುಚ್ಚಿ, ಭುಜ ಇಳಿಸಿ. ಮೊದಲ ವಾರ ನಿಮಗೇ ಗಾಬರಿಯಾಗುತ್ತದೆ, ನೋಡಿದಾಗೆಲ್ಲ ಹಲ್ಲು ಬಿಗಿದೇ ಇರುತ್ತದೆ. ಮೂರನೇ ವಾರಕ್ಕೆ ಕಡಿಮೆಯಾಗುತ್ತದೆ. ನನ್ನ ಅನುಭವದಲ್ಲಿ ಒಂದು ರೂಪಾಯಿಯ ಬಿಂದಿ ಮಾಡಿದಷ್ಟು ಕೆಲಸವನ್ನು ನನ್ನ ಯಂತ್ರ ಮಾಡಿಲ್ಲ. ದಾರಕ್ಕೆ ಟ್ರಿಮ್ಮರ್ ಕತ್ತರಿಯನ್ನು ದಾರ ಕಟ್ಟಿ ಮಶೀನಿಗೇ ತೂಗುಹಾಕಿ, ಕೈಗೆ ಸಿಕ್ಕರೆ ಹಲ್ಲಿಗೆ ಹೋಗುವುದಿಲ್ಲ.

ವ್ಯಾಯಾಮ: ಕನ್ನಡಿ ಮುಂದೆ ಕೂತು, ನಾಲಗೆ ತುದಿಯನ್ನು ಅಂಗಳಕ್ಕೆ ಹಚ್ಚಿಟ್ಟೇ ಬಾಯಿ ತೆರೆಯಿರಿ, ನಾಲಗೆ ಬಿಟ್ಟುಹೋಗುವಷ್ಟು ಅಗಲ ಬೇಡ. ಗದ್ದ ಪಕ್ಕಕ್ಕೆ ಸೊಟ್ಟ ಹೋಗದೆ ನೇರ ಇಳಿಯಬೇಕು. ಒಂದು ಸಲಕ್ಕೆ ಆರು, ದಿನಕ್ಕೆ ಆರು ಸಲ. ಕೆನ್ನೆಯ ನೋವಿನ ಗಂಟನ್ನು ಎರಡು ಬೆರಳಿನಿಂದ ಸಣ್ಣ ಸುತ್ತಿನಲ್ಲಿ ಒಂದೆರಡು ನಿಮಿಷ ತಿಕ್ಕಿ. ಆಕಳಿಕೆ ಬಂದರೆ ಗದ್ದದ ಕೆಳಗೆ ಮುಷ್ಟಿ ಕೊಟ್ಟು ತಡೆಯಿರಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ದಿನಕ್ಕೆರಡು ಸಲ, ಹದಿನೈದು ನಿಮಿಷ ಕೆನ್ನೆಗೆ. ಏಪ್ರಿಲ್‌ನಲ್ಲಿ ಬಳ್ಳಾರಿಯವರಿಗೆ ‘ಕಾವು ಕೊಡ್ರಿ’ ಎನ್ನಲು ನನಗೇ ನಾಚಿಕೆ, ಆಗ ಬಟ್ಟೆಯಲ್ಲಿ ಸುತ್ತಿದ ಐಸ್ ತುಂಡು ಐದಾರು ನಿಮಿಷ ಇಟ್ಟರೂ ನಡೆಯುತ್ತದೆ. ಸುಟ್ಟ ಇಟ್ಟಿಗೆ ಮಾತ್ರ ಬೇಡ, ಕೆನ್ನೆ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ.

ಊಟದಲ್ಲಿ ರೊಟ್ಟಿ ಬಿಡಿ ಎಂದರೆ ನೀವು ನನ್ನ ಮಾತು ಕೇಳುವುದಿಲ್ಲ, ನನಗೂ ಗೊತ್ತು. ಖಡಕ್ ರೊಟ್ಟಿ ಬಿಡಿ, ಬಿಸಿ ಜೋಳದ ರೊಟ್ಟಿಯನ್ನು ಬೇಳೆಯಲ್ಲೋ ಹಾಲಲ್ಲೋ ಮುರಿದು ನೆನೆಸಿ ತಿನ್ನಿ. ಬೆಳಿಗ್ಗೆ ಒಗ್ಗರಣಿ ಧಾರಾಳವಾಗಿ ತಿನ್ನಿ, ನೆನೆದ ಮಂಡಕ್ಕಿ ಮೆತ್ತಗೇ ಇರುತ್ತದೆ. ಪಕ್ಕದ ಮಿರ್ಚಿಯನ್ನು ಬಾಯಗಲಿಸಿ ಇಡಿಯಾಗಿ ಕಚ್ಚದೆ ಮುರಿದು ತಿಂದರಾಯಿತು. ಹುರಿದ ಶೇಂಗಾ, ಕಬ್ಬು, ಪೇರಲ, ಚ್ಯೂಯಿಂಗ್ ಗಮ್ ಆರು ವಾರ ಬೇಡ. ಒಂದೇ ಮಗ್ಗುಲಲ್ಲಿ ಅಗಿಯಬೇಡಿ. ನೋವು ಜಾಸ್ತಿಯಾದರೆ ಐಬುಪ್ರೊಫೆನ್‌ನಂಥ ಮಾತ್ರೆ ಕೆಲವು ದಿನದ ಮಟ್ಟಿಗೆ ಆದೀತು. ಹೊಟ್ಟೆಹುಣ್ಣು, ಕಿಡ್ನಿ, ಬಿಪಿ ತೊಂದರೆ ಇದ್ದರೆ, ಬಸುರಿದ್ದರೆ ಡಾಕ್ಟರನ್ನು ಕೇಳದೆ ಬೇಡ.

ಶುರುಮಾಡುವ ದಿನ ಒಂದು ಅಳತೆ ಬರೆದಿಡಿ. ಮಕ್ಕಳ ಪ್ಲಾಸ್ಟಿಕ್ ಸ್ಕೇಲು ಸಾಕು. ನೋವಾಗದಷ್ಟು ಬಾಯಿ ತೆರೆದು ಮೇಲಿನ, ಕೆಳಗಿನ ಮುಂದಿನ ಹಲ್ಲುಗಳ ನಡುವಿನ ಅಂತರ ನೋಡಿ. 40 ಮಿಲಿಮೀಟರ್ ಆಸುಪಾಸಿನಿಂದ ಮೇಲಿದ್ದರೆ ಸರಿ. ಸ್ಕೇಲಿಲ್ಲದಿದ್ದರೆ ನಿಮ್ಮದೇ ಮೂರು ಬೆರಳು ಅಡ್ಡಡ್ಡ ಜೋಡಿಸಿ ಬಾಯಲ್ಲಿ ಹಿಡಿಯುತ್ತವೆಯೇ ನೋಡಿ. ನೋವಿಗೆ ಹತ್ತಕ್ಕೆ ಎಷ್ಟು ಅಂಕ ಎಂದೂ ಬರೆಯಿರಿ. ವಾರಕ್ಕೊಮ್ಮೆ ಸಾಕು, ದಿನಾ ಅಳೆದರೆ ಅದೇ ಒಂದು ಚಿಂತೆ.

ಬಳ್ಳಾರಿಯಲ್ಲೇ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಒಂದು ಸಲ ಅಲ್ಲಿನ ಬಾಯಿ ರೋಗಗಳ ವಿಭಾಗಕ್ಕೆ ಹೋಗಿ ಸರಿಯಾಗಿ ಪರೀಕ್ಷೆ ಮಾಡಿಸಿ, ಅಲ್ಲಿಂದ ಫಿಸಿಯೋಥೆರಪಿಗೆ ಚೀಟಿ ಬರೆಸಿಕೊಳ್ಳಿ. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಬಿಲ್ಲೆ ಕಾಣದು. ಬಿಲ್ಲೆ ನೋಡಲು ಎಂಆರ್‌ಐ ಬೇಕು, ನಿಮಗೆ ಈಗ ಅದರ ಅಗತ್ಯವಿಲ್ಲ.

ಇಷ್ಟೆಲ್ಲ ಮಾಡಿಯೂ ಆರು ವಾರದ ನಂತರ ಲೇಸರ್ ನೋಡೋಣ ಅನ್ನಿಸಿದರೆ, ವ್ಯಾಯಾಮದ ಜೊತೆಗೆ, ಮೂರು ಅಥವಾ ನಾಲ್ಕು ಸಿಟ್ಟಿಂಗ್ ಮಾತ್ರ, ಬಿಡಿಬಿಡಿಯಾಗಿ ದುಡ್ಡು ಕೊಟ್ಟು ಮಾಡಿಸಿ. ಅಲೆಯುದ್ದ ಎಷ್ಟು, ಒಂದೊಂದು ಜಾಗಕ್ಕೆ ಎಷ್ಟು ಜೌಲ್ ಕೊಡುತ್ತೀರಿ ಎಂದು ಕೇಳಿ. ಚೀಟಿಯ ಮೇಲೆ ಬರೆದುಕೊಡುವವರು ಸರಿಯಾದವರು. ‘ಅದೆಲ್ಲ ನಿಮಗ್ಯಾಕ್ರೀ’ ಎಂದರೆ ಅವರಿಗೂ ಗೊತ್ತಿಲ್ಲ ಎಂದರ್ಥ. ಮುಖದ ಹತ್ತಿರ ಲೇಸರ್ ಹಿಡಿಯುವಾಗ ನಿಮಗೂ ಹಿಡಿಯುವವರಿಗೂ ಅದಕ್ಕೆಂದೇ ಮಾಡಿದ ಕನ್ನಡಕ ಬೇಕೇ ಬೇಕು, ಕಾಣದ ಬೆಳಕು ಕಣ್ಣಿನ ಪರದೆಯನ್ನು ಸುಡಬಲ್ಲದು. ಬಾಯಲ್ಲಿ, ಮುಖದಲ್ಲಿ ಗೆಡ್ಡೆಯೋ ಒಣಗದ ಹುಣ್ಣೋ ಇದ್ದರೆ ಅದರ ಮೇಲೆ ಹಿಡಿಯುವಂತಿಲ್ಲ. ಬಿಸಿಲಿಗೆ ಚರ್ಮ ಸುಡುವಂತೆ ಮಾಡುವ ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ನಾಲ್ಕು ಸಿಟ್ಟಿಂಗ್ ಆದಮೇಲೆ ಅಂಕ ಇಳಿಯದಿದ್ದರೆ, ಸ್ಕೇಲಿನ ಅಳತೆ ಏರದಿದ್ದರೆ ಐದನೆಯದಕ್ಕೆ ಹೋಗಬೇಡಿ.

ಯಾರಾದರೂ ಹಲ್ಲು ತೇಯ್ದು, ಮೇಲಿನ ಕೆಳಗಿನ ಹಲ್ಲು ಕೂಡುವ ಕಚ್ಚು ಸರಿಮಾಡುತ್ತೇವೆ, ಕ್ಲಿಪ್ ಹಾಕಿ ದವಡೆ ಕೂರಿಸುತ್ತೇವೆ ಎಂದರೆ ಒಪ್ಪಬೇಡಿ. ಒಮ್ಮೆ ತೇಯ್ದ ಹಲ್ಲು ಮತ್ತೆ ಬಾರದು. ಈ ಕೀಲಿನ ವಿಷಯದಲ್ಲಿ ವೈದ್ಯರ ಆತುರ ಎಷ್ಟು ದುಬಾರಿಯಾಗಿದೆ ಎನ್ನುವುದಕ್ಕೆ ಅಮೆರಿಕದಲ್ಲಿ 1980ರ ದಶಕದಲ್ಲಿ ಬಿಲ್ಲೆಯ ಬದಲು ಟೆಫ್ಲಾನ್ ಬೆರೆತ ತುಂಡು ಕೂರಿಸಿದ ಕಥೆಯೇ ಸಾಕು. ಅವು ಪುಡಿಯಾಗಿ ಎಲುಬನ್ನೇ ತಿಂದವು, ಕೊನೆಗೆ ಮಾರುಕಟ್ಟೆಯಿಂದ ತೆಗೆಯಬೇಕಾಯಿತು. ಆ ದೃಷ್ಟಿಯಿಂದ ಲೇಸರ್ ಎಷ್ಟೋ ಸಾಧು. ಜೇಬಿಗೆ ಮಾತ್ರ ಪೆಟ್ಟು.

ಕೊನೆಯದಾಗಿ ನಿಮ್ಮ ಭಯ. ಲಾಕ್ ಎರಡು ಬಗೆ. ಬಾಯಿ ತೆರೆಯದೆ ಎರಡು ಬೆರಳಿಗೇ ನಿಂತರೆ ಬಿಲ್ಲೆ ಮುಂದೆ ಸಿಕ್ಕಿಕೊಂಡಿರಬಹುದು. ನಿಮ್ಮ ಬೆಳಗಿನ ಹಿಡಿತ ಇದರ ಮುನ್ಸೂಚನೆ ಇದ್ದೀತು, ಇಲ್ಲವೇ ರಾತ್ರಿ ಹಲ್ಲು ಕಡಿದ ಸ್ನಾಯುವಿನ ಬಿಗಿತವಿದ್ದೀತು. ಬಲವಂತದಿಂದ ತೆರೆಯಲು ಹೋಗಬೇಡಿ, ಬಿಸಿ ಟವೆಲ್ ಇಟ್ಟು, ಗದ್ದವನ್ನು ಸಡಿಲವಾಗಿ ಎಡಕ್ಕೆ ಬಲಕ್ಕೆ ಆಡಿಸಿ. ದಿನವಿಡೀ ಬಿಡದಿದ್ದರೆ ಆ ವಾರದೊಳಗೆ ವೈದ್ಯರಿಗೆ ತೋರಿಸಿ, ತಡವಾದಷ್ಟೂ ಬಿಡಿಸುವುದು ಕಷ್ಟ. ಇನ್ನೊಂದು ಬಗೆಯಲ್ಲಿ ಬಾಯಿ ತೆರೆದದ್ದು ಮುಚ್ಚುವುದೇ ಇಲ್ಲ, ಜೊಲ್ಲು ಸುರಿಯುತ್ತದೆ, ಮಾತು ಹೊರಡದು. ಅದು ಕೀಲು ಜಾರಿರುವುದು. ಮನೆಯವರು ಯಾರೂ ಕಪಾಳಕ್ಕೆ ಹೊಡೆದು ಕೂರಿಸಲು ಹೋಗದಂತೆ ಈಗಲೇ ಹೇಳಿಟ್ಟಿರಿ, ಹಾಗೆ ಮಾಡುವವರಿದ್ದಾರೆ. ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದು ಸೀದಾ ಆಸ್ಪತ್ರೆಗೆ ಹೋಗಿ. ವೈದ್ಯರು ಬಟ್ಟೆ ಸುತ್ತಿದ ಹೆಬ್ಬೆರಳುಗಳನ್ನು ಕೆಳಗಿನ ದವಡೆ ಹಲ್ಲಿನ ಮೇಲಿಟ್ಟು ಕೆಳಕ್ಕೆ ಒತ್ತಿ ಹಿಂದಕ್ಕೆ ತಳ್ಳುತ್ತಾರೆ, ಕೂತಿತೆಂದರೆ ನಿಮಗೇ ತಿಳಿಯುತ್ತದೆ. ಹೆಬ್ಬೆರಳಿಗೆ ಬಟ್ಟೆ ಯಾಕೆಂದರೆ, ಕೀಲು ಕೂತ ಕ್ಷಣ ಬಾಯಿ ಪಟ್ಟನೆ ಮುಚ್ಚಿಕೊಳ್ಳುತ್ತದೆ. ಕಲಿಯುವ ದಿನಗಳಲ್ಲಿ ಬಟ್ಟೆ ಸುತ್ತದೆ ಕೈಹಾಕಿದ್ದ ನನ್ನ ಎಡಗೈ ಹೆಬ್ಬೆರಳಲ್ಲಿ ಈಗಲೂ ಒಂದು ಕಲೆ ಇದೆ.